ಓಟದಲ್ಲಿ, ದಾರಿಯಲ್ಲಿ ಆಡಿಯೋಬುಕ್: ಯಾರು ಹೇಗೆ ಕೇಳುತ್ತೀರಿ?

ಕೆರೆದಂಡೆ, ಮೈಸೂರು

ಓಡುವವರು ಸೇರಿದರೆ ಶೂ, ವಾಚು, ಮೊಣಕಾಲು ನೋವು ಇವುಗಳ ಬಗ್ಗೆ ಎಷ್ಟು ಬೇಕಾದರೂ ಮಾತು ನಡೆಯುತ್ತದೆ. ಓಡುವಾಗ ಏನು ಕೇಳುತ್ತೀರಿ ಎಂದರೆ ಹೆಚ್ಚಿನವರು ಹಾಡು ಎಂದು ಹೇಳಿ ಮುಗಿಸುತ್ತಾರೆ. ನಾನು ಪುಸ್ತಕ ಕೇಳುವವನು. ಅದರಲ್ಲೂ ಕಾದಂಬರಿ. ಇನ್ನೂ ಎಷ್ಟೋ ಜನ ಹೀಗೆ ಕೇಳುತ್ತಿರಬಹುದು, ಅವರ ಅನುಭವ ತಿಳಿಯಬೇಕು ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನನಗೆ ಕಂಡದ್ದು ಇಷ್ಟು. ಹಾಡು ಕಾಲನ್ನು ಎಳೆಯುತ್ತದೆ. ತಾಳ ಜೋರಾದರೆ ನಮಗೆ ಗೊತ್ತಿಲ್ಲದೆ ವೇಗವೂ ಜಾಸ್ತಿಯಾಗುತ್ತದೆ. ಭಾನುವಾರದ ಉದ್ದ ಓಟಕ್ಕೆ ಅದು ಆಗಿಬರುವುದಿಲ್ಲ. ಅಲ್ಲಿ ನಿಧಾನವಾಗಿ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ಉಸಿರು ಉಳಿಸಿಕೊಂಡು ಓಡಬೇಕು. ಕೋಚ್‌ಗಳೆಲ್ಲ ಹೇಳುವುದೂ ಅದನ್ನೇ. ಆ ವೇಗದಲ್ಲಿ ಕಥೆ ಒಂದೊಂದು ವಾಕ್ಯವಾಗಿ ಕಿವಿಗೆ ಬೀಳುತ್ತದೆ. ಸ್ವಲ್ಪ ಜೋರು ಮಾಡಿದರೆ ಸಾಕು, ಎಳೆ ತಪ್ಪುತ್ತದೆ. ಯಾರು ಯಾರ ಮಗ, ಜಗಳ ಯಾಕೆ ಬಂತು ಎಂದು ಮರೆಯುತ್ತದೆ. ಹಾಗಾದಾಗ ನಾನು ಓಟ ನಿಧಾನ ಮಾಡುತ್ತೇನೆ. ವಾಚು ನೋಡುವುದನ್ನೇ ಬಿಟ್ಟಿದ್ದೇನೆ.

ಕುಕ್ಕರಹಳ್ಳಿ ಕೆರೆಯ ಸುತ್ತ ಇದು ಚೆನ್ನಾಗಿ ನಡೆಯುತ್ತದೆ. ಅಲ್ಲಿ ವಾಹನಗಳ ಕಾಟ ಇಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ದಿನ ಮಾತ್ರ ಬೇಡ. ಏದುಸಿರು ಬರುವಾಗ ಯಾವ ಕಥೆಯೂ ತಲೆಗೆ ಹೋಗುವುದಿಲ್ಲ.

ನೀವು ಏನು ಕೇಳುತ್ತೀರಿ? ಯಾವ ದಾರಿಗೆ ಯಾವ ಥರದ ಪುಸ್ತಕ ಹೊಂದುತ್ತದೆ? ಬಸ್ಸು, ರೈಲು, ಕಾರಿನಲ್ಲಿ ಕೇಳುವವರೂ ಬರೆಯಿರಿ.

ಸಪ್ತಾಪುರದ ಅಕ್ಕ, ಧಾರವಾಡ

ಕೆರೆದಂಡೆಯವರೇ, ಒಳ್ಳೆ ವಿಷಯ ತೆಗೆದಿರಿ. ನಾನು ಬೆಳಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓಡುತ್ತೇನೆ. ನನ್ನದೊಂದು ಪದ್ಧತಿ ಇದೆ. ಓಡುವಾಗ ಕೇಳುವ ಪುಸ್ತಕವನ್ನು ಮನೆಯಲ್ಲಿ ಮುಟ್ಟುವುದಿಲ್ಲ. ಅಡುಗೆ ಮಾಡುವಾಗ ಎಷ್ಟೇ ಆಸೆಯಾದರೂ ಇಲ್ಲ. ಮುಂದೇನಾಯಿತು ಎಂದು ತಿಳಿಯಬೇಕೆಂದರೆ ಮರುದಿನ ಶೂ ಹಾಕಿಕೊಂಡು ಹೊರಗೆ ಬರಲೇಬೇಕು.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೊತೆಗಾರರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅವರು ಕೆಳಗಿಡಲು ಮನಸ್ಸೇ ಬಾರದಂಥ ಕಾದಂಬರಿಗಳ ಆಡಿಯೋವನ್ನು ಐಪಾಡ್‌ಗೆ ಹಾಕಿ, ಆ ಐಪಾಡನ್ನು ಜಿಮ್ಮಿನಲ್ಲೇ ಇಟ್ಟರು. ಕಥೆ ಮುಂದುವರಿಯಬೇಕೆಂದರೆ ಜಿಮ್ಮಿಗೇ ಬರಬೇಕು. ಶುರುವಿನಲ್ಲಿ ಆ ಗುಂಪಿನವರು ಆಡಿಯೋ ಕೊಡದ ಗುಂಪಿನವರಿಗಿಂತ 51% ಜಾಸ್ತಿ ಸಲ ಬಂದರು. ಆಮೇಲೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ ಬಂತು. ಅಲ್ಲಿಗೆ ಆ ಹುರುಪು ಇಳಿದುಹೋಯಿತು.

ಆ ರಜೆಯ ವಿಷಯವೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ನಮ್ಮಲ್ಲೂ ಹಾಗೇ ಅಲ್ವಾ? ದಸರೆ, ದೀಪಾವಳಿ, ಊರಿಗೆ ಹೋಗಿ ಬರುವುದು, ಒಂದು ವಾರ ಬಿಡದೆ ಮಳೆ. ಓಟ ನಿಂತಿತೆಂದರೆ ಕಥೆಯೂ ಮರೆತುಹೋಗುತ್ತದೆ. ಹಾಗಾಗಿ ಹಬ್ಬ ಮುಗಿದ ಮೇಲೆ ಹಳೆಯದನ್ನು ಮುಂದುವರಿಸುವುದಿಲ್ಲ, ಹೊಸ ಪುಸ್ತಕವನ್ನೇ ಶುರು ಮಾಡುತ್ತೇನೆ. ಹೊಸ ಕಥೆಯ ಕುತೂಹಲ ಮತ್ತೆ ಹೊರಗೆ ಎಳೆಯುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಬೆಳಕು ಹರಿಯುವ ಮೊದಲು ಓಡುವುದಾದರೆ ಒಂದು ಕಿವಿ ಯಾವಾಗಲೂ ಖಾಲಿ ಇರಲಿ. ಹಿಂದೆ ಯಾರು ಬರುತ್ತಿದ್ದಾರೆ, ಗಾಡಿ ನಿಧಾನವಾಯಿತಾ, ನಾಯಿ ಗುರ್ ಅಂದಿತಾ, ಇವೆಲ್ಲ ಕೇಳಿಸಲೇಬೇಕು. ಪುಸ್ತಕದಲ್ಲಿ ಮಾತಿನ ನಡುವೆ ಬಿಡುವು ಇರುತ್ತದೆ, ಹೊರಗಿನ ಸದ್ದು ಆ ಬಿಡುವಿನಲ್ಲಿ ಒಳಗೆ ಬರುತ್ತದೆ. ಹಾಡಿನಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಪುಸ್ತಕ ನನಗೆ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ.

ಶಿರಾಡಿ ಚಾಲಕ

ನಾನು ಓಡುವವನಲ್ಲ, ಕಾರು ಓಡಿಸುವವನು. ಕೆಲಸಕ್ಕಾಗಿ ಹಾಸನ, ಮಂಗಳೂರು ನಡುವೆ ಓಡಾಟ ಇದ್ದೇ ಇರುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಹೋಗುತ್ತದೆ. ಗುಂಡ್ಯದ ಕಡೆಗೆ ಬರುವ ಹೊತ್ತಿಗೆ ಕಥೆ ನಿಂತಿರುತ್ತದೆ. ಹೀಗಾಗಿ ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಡಿ. ಮಾತಿನ ಆಡಿಯೋಗೆ ಜಾಗ ಬಹಳ ಬೇಕಿಲ್ಲ. 64 ಕೆಬಿಪಿಎಸ್ (ಆಡಿಯೋ ಗುಣಮಟ್ಟದ ಅಳತೆ) ಇದ್ದರೆ ಒಂದು ಗಂಟೆಗೆ ಸುಮಾರು 29 ಎಂಬಿ. ಹತ್ತು ಗಂಟೆಯ ಕಾದಂಬರಿಯೂ 300 ಎಂಬಿ ಒಳಗೇ ಮುಗಿಯುತ್ತದೆ.

ಘಾಟಿಯಲ್ಲಿ ನಾನು ಹೊಸ ಅಧ್ಯಾಯ ಶುರು ಮಾಡುವುದಿಲ್ಲ. ತಿರುವು, ಮಂಜು, ಎದುರಿಗೆ ಟ್ಯಾಂಕರ್. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. ಅಲ್ಲಿ ನಿಲ್ಲಿಸಿಬಿಡುತ್ತೇನೆ. ಉಪ್ಪಿನಂಗಡಿ ಬಂದ ಮೇಲೆ ಮತ್ತೆ ಶುರು. ಸಮತಟ್ಟಾದ ಉದ್ದ ರಸ್ತೆಯಲ್ಲಿ ಮಾತ್ರ ಪೂರ್ತಿ ಮನಸ್ಸಿಟ್ಟು ಕೇಳಬಹುದು. ಹಿರಿಯೂರಿನಿಂದ ಚಿತ್ರದುರ್ಗ, ದಾವಣಗೆರೆ ಕಡೆಗೆ ಹೋಗುವ ಹೆದ್ದಾರಿ ಅದಕ್ಕೆ ಹೇಳಿ ಮಾಡಿಸಿದ್ದು. ಒಂದೇ ಸಮನೆ ಹೋಗುವ ರಸ್ತೆಯಲ್ಲಿ ನಿದ್ದೆ ತೂಗದ ಹಾಗೆ ಕಥೆ ನೋಡಿಕೊಳ್ಳುತ್ತದೆ. ಹಾಗಂತ ನಿಜವಾಗಿ ನಿದ್ದೆ ಬಂದಾಗ ಕಥೆಯನ್ನು ನಂಬಬೇಡಿ, ಗಾಡಿ ಪಕ್ಕಕ್ಕೆ ಹಾಕಿ ಮಲಗಿ.

ಎಕ್ಸ್‌ಪ್ರೆಸ್‌ವೇ ಪಯಣಿಗ, ರಾಮನಗರ

ಶಿರಾಡಿ ಚಾಲಕರೇ, ನಮ್ಮ ಕಡೆ ರಸ್ತೆಯೇ ಪುಸ್ತಕದ ಅಳತೆ ಬದಲಿಸಿಬಿಟ್ಟಿತು. ಬೆಂಗಳೂರು–ಮೈಸೂರು ದಾರಿಗೆ ಮೊದಲು ಮೂರು ಗಂಟೆ ಬೇಕಿತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಹೆಚ್ಚುಕಮ್ಮಿ ಅದರ ಅರ್ಧದಲ್ಲಿ ಮುಗಿಯುತ್ತದೆ. ಈಗ ನಾನು ಸಣ್ಣ ಕಥೆಗಳ ಸಂಕಲನ ಕೇಳುತ್ತೇನೆ. ಹೋಗುವಾಗ ಎರಡು ಕಥೆ, ಬರುವಾಗ ಎರಡು. ಒಂದು ಕಥೆ ಮುಗಿದ ಮೇಲೆ ಹತ್ತು ನಿಮಿಷ ಏನೂ ಹಾಕುವುದಿಲ್ಲ. ಕೇಳಿದ್ದು ಮನಸ್ಸಿನಲ್ಲಿ ಕೂರಲು ಅಷ್ಟು ಹೊತ್ತು ಬೇಕು. ಒಂದರ ಹಿಂದೆ ಒಂದು ಕೇಳಿದರೆ ಸಂಜೆಯ ಹೊತ್ತಿಗೆ ಯಾವುದೂ ನೆನಪಿರುವುದಿಲ್ಲ.

ಮೆಟ್ರೋದಲ್ಲೂ ಹಾಗೇ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್‌ಗೂ ಹೆಚ್ಚು ಉದ್ದ ಇದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರಿಗೆ ದಿನಾ ಕೇಳುವ ಸಮಯ ಸಿಕ್ಕೇ ಸಿಗುತ್ತದೆ. ನಿಂತುಕೊಂಡು ಪುಸ್ತಕ ಹಿಡಿಯಲು ಆಗದ ಜನಸಂದಣಿಯಲ್ಲಿ ಕಿವಿಯೊಂದೇ ದಾರಿ.

ಹಳೆ ಮೇಷ್ಟ್ರು

ಎಲ್ಲರೂ ಸಂತೋಷವಾಗಿ ಬರೆಯುತ್ತಿದ್ದೀರಿ, ನನಗೂ ಸಂತೋಷ. ಆದರೆ ಒಂದು ತಕರಾರು ಇದೆ. ಕೇಳುವುದನ್ನು ಓದು ಎನ್ನಬಹುದೇ? ಓದುವಾಗ ನಾವು ನಿಲ್ಲುತ್ತೇವೆ, ಹಿಂದಿನ ಪುಟಕ್ಕೆ ಹೋಗುತ್ತೇವೆ, ಒಂದು ಸಾಲನ್ನು ಎರಡು ಸಲ ಓದುತ್ತೇವೆ. ಓಡುತ್ತಾ, ಗಾಡಿ ಓಡಿಸುತ್ತಾ ಅರ್ಧ ಗಮನದಲ್ಲಿ ಕೇಳಿದ್ದು ಎಷ್ಟು ಉಳಿಯುತ್ತದೆ? ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಮಕ್ಕಳು ಪುಸ್ತಕ ಹಿಡಿಯುವುದನ್ನೇ ಬಿಟ್ಟುಬಿಡುತ್ತಾರೆ ಎಂಬ ಚಿಂತೆ ನನಗೆ.

ಗ್ರಂಥಪಾಲಕಿ, ತುಮಕೂರು

ಮೇಷ್ಟ್ರೇ, ನಿಮ್ಮ ಚಿಂತೆ ನನಗೂ ಇದ್ದದ್ದೇ. ಹುಡುಕಿ ನೋಡಿದಾಗ ಎರಡು ಕಡೆಯ ಉತ್ತರವೂ ಸಿಕ್ಕಿತು. 2016ರಲ್ಲಿ ಬೆತ್ ರೊಗೊವ್‌ಸ್ಕಿ ಮತ್ತು ಜೊತೆಗಾರರು ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು, ಇನ್ನು ಕೆಲವರಿಗೆ ಎರಡನ್ನೂ ಒಟ್ಟಿಗೆ ಕೊಟ್ಟರು. ಆಗಲೇ ಪ್ರಶ್ನೆ ಕೇಳಿದರು, ಎರಡು ವಾರ ಬಿಟ್ಟು ಮತ್ತೆ ಕೇಳಿದರು. ಮೂರು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ಡೇವಿಡ್ ಡೇನಿಯಲ್ ಮತ್ತು ವಿಲಿಯಂ ವುಡಿ ಕಾಲೇಜು ಮಕ್ಕಳಿಗೆ ಪಾಠದ ಬರಹವನ್ನು ಪಾಡ್‌ಕಾಸ್ಟ್ ಆಗಿ ಕೊಟ್ಟು ನೋಡಿದ್ದರು. ಅಲ್ಲಿ ಕೇಳಿದವರು ಓದಿದವರಿಗಿಂತ ಕಡಿಮೆ ಅಂಕ ತೆಗೆದರು.

ನಾನು ಇದನ್ನು ಹೀಗೆ ನೋಡುತ್ತೇನೆ. ಮೊದಲನೆಯದು ನಡೆದ ಕಥೆ ಹೇಳುವ ಪುಸ್ತಕ, ಎರಡನೆಯದು ಪಾಠ. ಕಥೆಗೆ ಹಿಂದುಮುಂದಿನ ಕೊಂಡಿ ಇರುತ್ತದೆ. ಒಂದು ವಾಕ್ಯ ತಪ್ಪಿದರೂ ಮುಂದಿನದು ಕೈ ಹಿಡಿಯುತ್ತದೆ. ಪಾಠದಲ್ಲಿ ಹಾಗಲ್ಲ, ಒಂದು ಮೆಟ್ಟಿಲು ತಪ್ಪಿದರೆ ಮುಂದಿನದೆಲ್ಲ ಹೋಯಿತು. ಪರೀಕ್ಷೆಗೆ ಓದುವವರು ಕುಳಿತೇ ಓದಬೇಕು. ಕಾದಂಬರಿ, ಆತ್ಮಕಥೆ, ಪ್ರವಾಸ ಕಥನ ಇವನ್ನು ಧಾರಾಳವಾಗಿ ಕೇಳಬಹುದು. ನಮ್ಮ ಗ್ರಂಥಾಲಯಕ್ಕೆ ಬರುವವರಲ್ಲಿ ಕೇಳಿ ಇಷ್ಟಪಟ್ಟ ಮೇಲೆ ಅದೇ ಪುಸ್ತಕ ಹುಡುಕಿಕೊಂಡು ಬಂದವರನ್ನು ಕಂಡಿದ್ದೇನೆ. ಕೇಳಿದ್ದರಿಂದ ಪುಸ್ತಕ ಬಿಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ತುಂಗಾತೀರ, ಶಿವಮೊಗ್ಗ

ಮೇಷ್ಟ್ರಿಗೆ ನನ್ನದೂ ಒಂದು ಮಾತು. ಕನ್ನಡದವರು ಕಾವ್ಯವನ್ನು ಕಿವಿಯಿಂದಲೇ ಕಲಿತವರು. ನಮ್ಮ ಊರಿನ ಹತ್ತಿರದ ಹೊಸಹಳ್ಳಿ, ಮತ್ತೂರಿನ ಕಡೆ ಗಮಕ ಇಂದಿಗೂ ಉಳಿದಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗದಲ್ಲಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಅಕ್ಷರ ಬಾರದ ಅಜ್ಜಿಯರು ಭಾಮಿನಿ ಷಟ್ಪದಿಗಳನ್ನು ಬಾಯಿಪಾಠ ಮಾಡಿದ್ದು ಹೀಗೇ. ಅವರಿಗೆ ಭಾರತದ ಕಥೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು.

ಗಮಕದ ರೆಕಾರ್ಡಿಂಗನ್ನು ಓಡುವಾಗ ಕೇಳಿ ನೋಡಿದೆ. ಹೊಂದುವುದಿಲ್ಲ. ರಾಗ ಎಳೆದಾಗ ಕಾಲಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ತೀರ್ಥಹಳ್ಳಿ ಕಡೆಗೆ ಕಾರಿನಲ್ಲಿ ಹೋಗುವಾಗ ಅಷ್ಟೇ ಚೆನ್ನ. ವ್ಯಾಖ್ಯಾನ ಇರುವ ರೆಕಾರ್ಡಿಂಗನ್ನೇ ಆರಿಸಿಕೊಳ್ಳಿ. ಬರೀ ವಾಚನವಾದರೆ ಹಳಗನ್ನಡ, ನಡುಗನ್ನಡ ಗೊತ್ತಿಲ್ಲದವರಿಗೆ ರಸ್ತೆಯ ಸದ್ದಿನಲ್ಲಿ ಅರ್ಥ ಹಿಡಿಯುವುದು ಕಷ್ಟ.

ಹಳೆ ಮೇಷ್ಟ್ರು

ತುಂಗಾತೀರದವರೇ, ಗಮಕದ ಮಾತು ಬಂದ ಮೇಲೆ ನಾನು ವಾದ ಮಾಡಲಾರೆ. ನಮ್ಮ ತಂದೆಯವರೂ ಶ್ರಾವಣದಲ್ಲಿ ಮನೆಯಲ್ಲಿ ಜೈಮಿನಿ ಭಾರತ ಓದಿಸುತ್ತಿದ್ದರು. ಆದರೂ ನನ್ನ ಇನ್ನೊಂದು ಪ್ರಶ್ನೆ ಉಳಿಯಿತು. ಅಲ್ಲಿ ಓದುವವರು ಪಳಗಿದವರು. ಈಗಿನ ಆಡಿಯೋದಲ್ಲಿ ಉಚ್ಚಾರ ಹೇಗಿರುತ್ತದೆ? ಹಕಾರ, ಮಹಾಪ್ರಾಣ ಸರಿಯಾಗಿ ಬರುತ್ತದೆಯೇ?

ಸಪ್ತಾಪುರದ ಅಕ್ಕ, ಧಾರವಾಡ

ಸರ್, ನೀವು ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಉಚ್ಚಾರಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಆಡುಮಾತು. ನಮ್ಮ ಕಡೆಯ ಕಾದಂಬರಿಗಳಲ್ಲಿ ಮಾತುಕತೆ ಎಲ್ಲ ನಮ್ಮ ಭಾಷೆಯಲ್ಲೇ ಇರುತ್ತದೆ. "ಯಾಕ ಬಂದಿ? ಕುಂದರ ಬಾ, ಚಾ ಕುಡೀ" ಎನ್ನುವಾಗ ಅದರಲ್ಲಿ ಒಂದು ಏರಿಳಿತ ಇದೆ. ಅದೇ ಮಾತು ಸಿಟ್ಟಿನಲ್ಲೂ ಬರಬಹುದು, ಪ್ರೀತಿಯಲ್ಲೂ ಬರಬಹುದು. ಪುಟದ ಮೇಲೆ ಅದು ಕಾಣುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ.

ಮೈಸೂರು ಕಡೆಯ ನನ್ನ ಗೆಳತಿ ನಮ್ಮ ಭಾಗದ ಕಾದಂಬರಿಗಳನ್ನು ಇಪ್ಪತ್ತು ಪುಟಕ್ಕೇ ಕೆಳಗಿಡುತ್ತಿದ್ದಳು. ಮಾತುಕತೆ ಬಂದಾಗೆಲ್ಲ ಎಡವುತ್ತಿದ್ದಳು. ಈ ಕಡೆಯವರೇ ಓದಿದ ಒಂದು ಆಡಿಯೋ ಕೊಟ್ಟೆ. ಪೂರ್ತಿ ಕೇಳಿ ಮುಗಿಸಿ, ಆಮೇಲೆ ಪುಸ್ತಕವನ್ನೂ ಕೊಂಡಳು. ಅವಳು ಓದುವಾಗ ಈಗ ಆ ದನಿ ಮನಸ್ಸಿನಲ್ಲಿ ಕೇಳಿಸುತ್ತದಂತೆ. ಕುಂದಾಪುರದ ಕನ್ನಡ, ಕಲಬುರಗಿ ಕನ್ನಡ, ಚಾಮರಾಜನಗರದ ಕನ್ನಡ, ಎಲ್ಲಕ್ಕೂ ಇದೇ ಮಾತು. ಒಂದೇ ರಾಜ್ಯದಲ್ಲಿದ್ದುಕೊಂಡು ನಾವು ಒಬ್ಬರ ಸಾಹಿತ್ಯವನ್ನು ಇನ್ನೊಬ್ಬರು ಓದದೇ ಇರುವುದಕ್ಕೆ ಈ ಎಡವಾಟವೂ ಒಂದು ಕಾರಣ. ಅದನ್ನು ದಾಟಿಸಲು ಆಡಿಯೋದಷ್ಟು ಸುಲಭದ್ದು ಬೇರೆ ಇಲ್ಲ ಎಂದು ನನಗೆ ಖಂಡಿತವಾಗಿ ಅನಿಸುತ್ತದೆ.

ಅದಕ್ಕೇ ತಪ್ಪು ದನಿಯಲ್ಲಿ ಓದಿದಾಗ ಬಹಳ ಸಂಕಟವಾಗುತ್ತದೆ. ಹಳ್ಳಿಯ ಮುದುಕಿಯ ಮಾತನ್ನು ಸುದ್ದಿ ಓದಿದ ಹಾಗೆ ಓದಿದ್ದನ್ನು ಕೇಳಿದ್ದೇನೆ. ಆ ಪುಸ್ತಕಕ್ಕೆ ಅದು ದೊಡ್ಡ ಅನ್ಯಾಯ.

ಮೈಕ್ ಮುಂದೆ

ಅಕ್ಕ, ಪುಸ್ತಕಗಳಿಗೆ ದನಿ ಕೊಡುವವಳು ನಾನು. ನಿಮ್ಮ ಮಾತು ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ತಲುಪಬೇಕು.

ನಾನು ಮಾಡುವುದು ಹೀಗೆ. ಮೊದಲು ಪೂರ್ತಿ ಪುಸ್ತಕ ಓದುತ್ತೇನೆ. ಯಾವ ಪಾತ್ರ ಯಾವ ಊರಿನದು, ಯಾವ ವಯಸ್ಸು ಎಂದು ಅಂಚಿನಲ್ಲಿ ಗುರುತು ಹಾಕುತ್ತೇನೆ. ನನಗೆ ಬಾರದ ಆಡುಮಾತು ಇದ್ದರೆ ಆ ಊರಿನವರಿಗೆ ಫೋನ್ ಮಾಡಿ, ಮಾತುಗಳನ್ನು ಅವರ ಬಾಯಲ್ಲಿ ಹೇಳಿಸಿ ಕೇಳುತ್ತೇನೆ. ಪುಸ್ತಕದ ತುಂಬ ಅದೇ ಭಾಷೆ ಇದ್ದರೆ ಒಪ್ಪಿಕೊಳ್ಳುವುದಿಲ್ಲ, ಆ ಕಡೆಯವರನ್ನೇ ಕರೆಯಿರಿ ಎಂದು ಹೇಳುತ್ತೇನೆ. ಕೇಳುಗರಿಗೆ ಒಂದು ಗಂಟೆ ಸಿಗುವ ಆಡಿಯೋಗೆ ತಯಾರಿ, ರೆಕಾರ್ಡಿಂಗ್, ತಿದ್ದುವುದು, ಮತ್ತೆ ಕೇಳಿ ಸರಿನೋಡುವುದು ಎಲ್ಲ ಸೇರಿ ಐದಾರು ಗಂಟೆಯ ಕೆಲಸ ಹಿಡಿಯುತ್ತದೆ. ಫ್ಯಾನ್ ಹಾಕುವ ಹಾಗಿಲ್ಲ. ಬೇಸಿಗೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಬೆವರು ಒರೆಸಿಕೊಂಡು ಓದುತ್ತೇವೆ. ಕುಕ್ಕರ್ ಸೀಟಿ ಹೊಡೆದರೆ ಆ ವಾಕ್ಯ ಮತ್ತೆ ಮೊದಲಿಂದ.

ಓಡುವವರು, ಪ್ರಯಾಣ ಮಾಡುವವರು ಜಾಸ್ತಿ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಒಂದು ವಿಷಯದಲ್ಲಿ ಎಚ್ಚರ ಹೆಚ್ಚಿಸಿದ್ದೇನೆ. ಪಿಸುಮಾತನ್ನು ತೀರಾ ಪಿಸುಗುಟ್ಟಿ ಓದುವುದಿಲ್ಲ. ಬಸ್ಸಿನ ಸದ್ದಿನಲ್ಲಿ ಅದು ಕೇಳುವುದಿಲ್ಲ. ಕೇಳುಗರು ವಾಲ್ಯೂಮ್ ಏರಿಸುತ್ತಾರೆ. ಆಮೇಲೆ ಕಿರುಚಾಟದ ದೃಶ್ಯ ಬಂದಾಗ ಕಿವಿಗೆ ಹೊಡೆಯುತ್ತದೆ.

ಆಡಿಯೋ ಓಡಿಸುವ ವೇಗದ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. 1.25 ಪಟ್ಟಿನ ತನಕ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಮಾತಿನ ನಡುವೆ ನಾವು ಬೇಕೆಂದೇ ಬಿಟ್ಟ ಮೌನ ಸತ್ತುಹೋಗುತ್ತದೆ. ದಯವಿಟ್ಟು ಕಾದಂಬರಿಯನ್ನು ಓಡಿಸಬೇಡಿ.

ಕಿವಿಯ ಡಾಕ್ಟರ್, ಉಡುಪಿ

ವಾಲ್ಯೂಮ್ ಮಾತು ಬಂದದ್ದು ಒಳ್ಳೆಯದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಮಾತು ಕೇಳಲು ಶಾಂತವಾದ ಜಾಗದಲ್ಲಿ ಇಷ್ಟು ಜೋರು ಬೇಕಾಗುವುದೇ ಇಲ್ಲ. ತೊಂದರೆ ಇರುವುದು ಬಸ್ಸಿನಲ್ಲಿ. ಎಂಜಿನ್ ಸದ್ದನ್ನು ಮೀರಿಸಲು ಜನ ಏರಿಸುತ್ತಾರೆ, ಇಳಿದ ಮೇಲೂ ಇಳಿಸುವುದಿಲ್ಲ.

ನಾನು ಕೊಡುವ ಸಲಹೆ: ಬಸ್ಸು, ರೈಲಿನಲ್ಲಿ ಕುಳಿತಾಗ ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಹಾಕಿ. ಆಗ ಸಣ್ಣ ವಾಲ್ಯೂಮ್ ಸಾಕು. ಅದೇ ಹೆಡ್‌ಫೋನ್ ಹಾಕಿಕೊಂಡು ರಸ್ತೆಯಲ್ಲಿ ಓಡಬೇಡಿ. ಓಟಕ್ಕೆ ಕಿವಿ ತೆರೆದಿರುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಒಳ್ಳೆಯದು. ಅದು ಕೆನ್ನೆಯ ಮೂಳೆಯ ಮೂಲಕ ಒಳಗಿವಿಗೆ ಸದ್ದು ಮುಟ್ಟಿಸುತ್ತದೆ. ಹಾಗಾಗಿ ಕಿವಿಗೆ ಏನೂ ಆಗುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಆದರೆ ಸದ್ದು ಕೊನೆಗೆ ಹೋಗುವುದು ಅದೇ ಒಳಗಿವಿಗೆ, ಜೋರು ಮಾಡಿದರೆ ಅಲ್ಲಿಯೂ ಪೆಟ್ಟು ಅದೇ.

ನಮ್ಮ ಕರಾವಳಿಯವರಿಗೆ ಇನ್ನೊಂದು. ಬೆವರಿದ ಕಿವಿಗೆ ಇಯರ್‌ಬಡ್ ತುರುಕಿ ಗಂಟೆಗಟ್ಟಲೆ ಇಟ್ಟರೆ ಫಂಗಸ್ ಬರಬಹುದು. ತುರಿಕೆ, ಕಿವಿ ಕಟ್ಟಿದ ಹಾಗಾಗುವುದು. ಓಟ ಮುಗಿದ ಕೂಡಲೇ ತೆಗೆಯಿರಿ, ಬಡ್ಡುಗಳನ್ನು ಒರೆಸಿ ಒಣಗಿಸಿ. ಬೇರೆಯವರದನ್ನು ಹಾಕಿಕೊಳ್ಳಬೇಡಿ.

ಬುಲೆಟ್ ಹುಡುಗ

ಡಾಕ್ಟ್ರೇ, ಬೈಕಿನಲ್ಲಿ ಹೆಲ್ಮೆಟ್ ಒಳಗೆ ಕೇಳಬಹುದಾ? ವಾರಾಂತ್ಯಕ್ಕೆ ಚಿಕ್ಕಮಗಳೂರು ಕಡೆ ಹೋಗುತ್ತೇವೆ, ಗಂಟೆಗಟ್ಟಲೆ ದಾರಿ.

ಕಿವಿಯ ಡಾಕ್ಟರ್, ಉಡುಪಿ

ಬೇಡ ಮಗ. ಬೈಕಿನಲ್ಲಿ ಗಾಳಿಯ ಸದ್ದೇ ಬಹಳ ಇರುತ್ತದೆ, ಅದನ್ನು ಮೀರಿಸುವಷ್ಟು ಏರಿಸಿದರೆ ಕಿವಿಗೂ ಕೇಡು, ಹಿಂದಿನ ಹಾರ್ನೂ ಕೇಳುವುದಿಲ್ಲ. ಚಹಾಕ್ಕೆ ನಿಂತಾಗ ಕೇಳು.

ಶಿರಾಡಿ ಚಾಲಕ

ಡಾಕ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಕಾರಿನಲ್ಲೂ ಇಯರ್‌ಫೋನ್ ಬೇಡ, ಕಾರಿನ ಸ್ಪೀಕರ್ ಸಾಕು. ಹಿಂದಕ್ಕೆ ಹೋಗಲು, ಅಧ್ಯಾಯ ಬದಲಿಸಲು ಫೋನ್ ಕೈಗೆತ್ತಿಕೊಳ್ಳಬೇಡಿ. ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ ಅಪಾಯಕಾರಿ ಚಾಲನೆ ಎಂದೇ ಬರುತ್ತದೆ. ಕೇಳಿದ್ದು ತಪ್ಪಿದರೆ ತಪ್ಪಲಿ, ನಿಲ್ಲಿಸಿದಾಗ ಹಿಂದಕ್ಕೆ ಹೋದರಾಯಿತು.

ಬೇ ಏರಿಯಾ ಕನ್ನಡಿಗ, ಕ್ಯಾಲಿಫೋರ್ನಿಯಾ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ ಕಾರು, ಸೈಕಲ್ ಓಡಿಸುವುದಕ್ಕೆ ಕಾನೂನಿನಲ್ಲೇ ನಿಷೇಧ ಇದೆ.

ದಾರಿಯ ಪುಸ್ತಕಕ್ಕೂ ಈ ರಾಜ್ಯಕ್ಕೂ ಹಳೆಯ ನಂಟು. ಡುವಾಲ್ ಹೆಕ್ಟ್ ಎಂಬುವರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರೋಯಿಂಗ್‌ನಲ್ಲಿ ಚಿನ್ನ ಗೆದ್ದವರು. ಆಮೇಲೆ ಕೆಲಸಕ್ಕಾಗಿ ದಿನಾ ನ್ಯೂಪೋರ್ಟ್ ಬೀಚ್‌ನಿಂದ ಲಾಸ್ ಏಂಜಲೀಸ್‌ಗೆ ಕಾರಿನಲ್ಲಿ ಓಡಾಡುತ್ತಿದ್ದರು. ರೇಡಿಯೋ ಕೇಳಿ ಕೇಳಿ ಬೇಸತ್ತು, 1975ರಲ್ಲಿ 'ಬುಕ್ಸ್ ಆನ್ ಟೇಪ್' ಎಂಬ ಕಂಪನಿ ಶುರು ಮಾಡಿದರು. ಪುಸ್ತಕವನ್ನು ಎಲ್ಲೂ ಕತ್ತರಿಸದೆ ಪೂರ್ತಿ ಓದಿಸಿ, ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುತ್ತಿದ್ದರು. ವಾಕ್‌ಮನ್ ಬಂದದ್ದು 1979ರಲ್ಲಿ. ಅಂದರೆ ಪುಸ್ತಕ ಮೊದಲು ಕಾರು ಹತ್ತಿತು, ಆಮೇಲೆ ಓಡುವವರ ಕಿವಿಗೆ ಬಂತು.

ನಮ್ಮ ಊರಿನ ಪಬ್ಲಿಕ್ ಲೈಬ್ರರಿಯ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಇಂಗ್ಲಿಷ್ ಆಡಿಯೋ ಪುಸ್ತಕ ಪುಕ್ಕಟೆ ಸಿಗುತ್ತದೆ. ಕನ್ನಡಕ್ಕೆ ಮೈಲ್ಯಾಂಗ್ ಆ್ಯಪ್ ಬಳಸುತ್ತೇನೆ. ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಶಾಲೆಗೆ ಬಿಡುವ ದಾರಿಯಲ್ಲಿ ಇಬ್ಬರೂ ಒಂದೇ ಕಥೆ ಕೇಳುತ್ತೇವೆ. ಅವಳು ನಡುನಡುವೆ ನಿಲ್ಲಿಸಿ "ಅಪ್ಪಾ, ಜಗುಲಿ ಅಂದ್ರೆ ಏನು?" ಎಂದು ಕೇಳುತ್ತಾಳೆ. ಕನ್ನಡ ಸಾಹಿತ್ಯ ಅವಳಿಗೆ ಸಿಗಲು ಸದ್ಯಕ್ಕೆ ಇದೊಂದೇ ಬಾಗಿಲು. ಪುಸ್ತಕಗಳು ಇನ್ನೂ ಬಹಳ ಬರಬೇಕು.

ಬಿಳಿಕೋಲು, ಬೆಂಗಳೂರು

ಚರ್ಚೆಯನ್ನು ಸ್ಕ್ರೀನ್ ರೀಡರ್‌ನಲ್ಲಿ ಮೊದಲಿನಿಂದ ಕೇಳಿದೆ. ನಾನು ಹುಟ್ಟಿನಿಂದ ಕಣ್ಣು ಕಾಣದವನು. ಬೇ ಏರಿಯಾದವರು ಇತಿಹಾಸ ಹೇಳಿದರು, ಅದಕ್ಕಿಂತ ಹಿಂದಿನದನ್ನು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಅಂಧರ ಸಂಸ್ಥೆಯ ಮಾತಾಡುವ ಪುಸ್ತಕಗಳು ಶುರುವಾದದ್ದು 1935ರಲ್ಲಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರೂ ಆ ಕೆಲಸಕ್ಕೆ ಕಾರಣ. ದೊಡ್ಡ ಗ್ರಾಮಫೋನ್ ತಟ್ಟೆಗಳು, ಒಂದು ಬದಿಗೆ ಸುಮಾರು 25 ನಿಮಿಷ. ಒಂದು ಕಾದಂಬರಿಗೆ ತಟ್ಟೆಗಳ ಪೆಟ್ಟಿಗೆಯೇ ಬೇಕಿತ್ತು. ನೀವೆಲ್ಲ ಇವತ್ತು ಕೇಳುವ ಪುಸ್ತಕ ಮೊದಲು ನಮಗಾಗಿ ಹುಟ್ಟಿದ್ದು. ಮೇಷ್ಟ್ರೇ, ನನ್ನ ಮಟ್ಟಿಗೆ ಕೇಳುವುದೇ ಓದು. ನಾನು ಎಂ.ಎ. ಮಾಡಿದ್ದೂ ಹೀಗೇ.

ನಾನೂ ಓಡುತ್ತೇನೆ. ಜೊತೆಗಾರರ ಕೈಗೂ ನನ್ನ ಕೈಗೂ ಒಂದು ಚಿಕ್ಕ ಹಗ್ಗ. ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಹೀಗೆ ಓಡುತ್ತೇವೆ. ಆಗ ಪುಸ್ತಕ ಹಾಕುವುದಿಲ್ಲ. "ಎಡಕ್ಕೆ, ಬೇರು ಇದೆ, ಕಾಲೆತ್ತಿ" ಎಂಬ ಮಾತಿಗೇ ಪೂರ್ತಿ ಕಿವಿ ಬೇಕು. ಬಸ್ಸಿನಲ್ಲಿ, ಮೆಟ್ರೋದಲ್ಲಿ ಕೇಳುತ್ತೇನೆ. ಅಲ್ಲೂ ಒಂದೇ ಕಿವಿಗೆ. ನಿಲ್ದಾಣದ ಹೆಸರು ಹೇಳುವುದು ತಪ್ಪಬಾರದು.

ಕನ್ನಡದಲ್ಲಿ ನಮಗಾಗಿ ಓದುವ ಕೆಲಸ ಬಹಳ ಕಾಲದಿಂದ ನಡೆದಿದೆ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ 1990ರಲ್ಲಿ ಶುರುವಾಯಿತು, ಅವರ ಮಾತಾಡುವ ಪುಸ್ತಕಗಳ ಗ್ರಂಥಾಲಯಕ್ಕೆ ಸ್ವಯಂಸೇವಕರು ಬಂದು ಓದುತ್ತಾರೆ. 2016ರಿಂದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಆದರೂ ನಾನು ಕೇಳಬೇಕೆಂದ ಕನ್ನಡ ಪುಸ್ತಕ ಸಿಗದೇ ಹೋಗುವುದೇ ಜಾಸ್ತಿ. ಆಗ ಯಂತ್ರದ ದನಿಯಲ್ಲಿ ಕೇಳುತ್ತೇನೆ. ಅರ್ಥ ಆಗುತ್ತದೆ. ಸಪ್ತಾಪುರದ ಅಕ್ಕ ಹೇಳಿದ ಏರಿಳಿತ ಮಾತ್ರ ಅದರಲ್ಲಿ ಇರುವುದಿಲ್ಲ.

ಸಪ್ತಾಪುರದ ಅಕ್ಕ, ಧಾರವಾಡ

ಬಿಳಿಕೋಲು ಅವರೇ, ನಾನು ಓದಬಹುದಾ? ಮೈಕಿನ ಅನುಭವ ಏನೂ ಇಲ್ಲ. ಧಾರವಾಡದ ಭಾಷೆಯ ಪುಸ್ತಕವಾದರೆ ಖಂಡಿತ ಓದಬಲ್ಲೆ. ನೀವು ಸಿಗಲಿಲ್ಲ ಎಂದ ಪುಸ್ತಕಗಳಲ್ಲಿ ನಮ್ಮ ಕಡೆಯದು ಯಾವುದಾದರೂ ಇದೆಯಾ?

ಬಿಳಿಕೋಲು, ಬೆಂಗಳೂರು

ಇದೆ ಅಕ್ಕ, ಒಂದಲ್ಲ ಹಲವು. ಪಟ್ಟಿ ಮಾಡಿ ಕಳಿಸುತ್ತೇನೆ. ನೀವು ಓದುವುದಾದರೆ ಮೊದಲು ಸಂಸ್ಥೆಯವರ ಜೊತೆ ಮಾತಾಡೋಣ. ಎರಡು ಕಡೆ ಒಂದೇ ಪುಸ್ತಕ ಓದಿ ಶ್ರಮ ಹಾಳಾಗಬಾರದು. ಅಧ್ಯಾಯದ ಹೆಸರು, ಪುಟದ ಸಂಖ್ಯೆಯನ್ನೂ ಓದಬೇಕಾಗುತ್ತದೆ. ವಿದ್ಯಾರ್ಥಿಗಳಿಗೆ ಅದು ಬಹಳ ಮುಖ್ಯ.

ಮೈಕ್ ಮುಂದೆ

ಅಕ್ಕ, ಮೈಕಿನ ಚಿಂತೆ ಬಿಡಿ. ಮನೆಯಲ್ಲಿ ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪ ಪರದೆ ಇರುವ ಕೋಣೆ ಆರಿಸಿಕೊಳ್ಳಿ, ಅಲ್ಲಿ ದನಿ ಗುಂಯ್‌ಗುಡುವುದಿಲ್ಲ. ಮೊದಲು ಹತ್ತು ನಿಮಿಷ ಫೋನಿನಲ್ಲೇ ರೆಕಾರ್ಡ್ ಮಾಡಿ ನನಗೆ ಕಳಿಸಿ. ಕೇಳಿ, ಎಲ್ಲಿ ಉಸಿರು ತಗೊಳ್ಳಬೇಕು, ಮೈಕಿನಿಂದ ಎಷ್ಟು ದೂರ ಕೂರಬೇಕು ಎಂದು ಹೇಳುತ್ತೇನೆ. ಮುದುಕಿಯ ಮಾತಿರುವ ಪುಟವನ್ನೇ ಕಳಿಸಿ.